ಗ್ಲಿವೆಕ್ ಕಥೆಯಲ್ಲಿ ರೋಗಿ ಎಲ್ಲಿ?

ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿಗೆ ಕೊಡುವ ಗ್ಲಿವೆಕ್ ಮಾತ್ರೆಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಕಂಡ ಗಿಡ್ಡ ಕ್ರೋಮೋಸೋಮು, 1973ರಲ್ಲಿ ಅದರ ಗುಟ್ಟು ಬಿಡಿಸಿದ ವಿಜ್ಞಾನಿ ಜಾನೆಟ್ ರೌಲಿ, ಆ ಕ್ರೋಮೋಸೋಮಿನಿಂದ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಒಂದು ಪ್ರೋಟೀನನ್ನು ತಡೆಯುವ ಇಮಾಟಿನಿಬ್ (ಗ್ಲಿವೆಕ್ ಅದರ ಬ್ರ್ಯಾಂಡ್ ಹೆಸರು), ಅದಕ್ಕಾಗಿ ಪಟ್ಟುಹಿಡಿದ ವೈದ್ಯ ಬ್ರಯಾನ್ ಡ್ರೂಕರ್. ಕೊನೆಗೆ 2001ರ ಮೇ ತಿಂಗಳಲ್ಲಿ ಅಮೆರಿಕದ ಔಷಧಿ ನಿಯಂತ್ರಕ ಎಫ್‌ಡಿಎ ಒಪ್ಪಿಗೆ, ‘ಟೈಮ್’ ಮುಖಪುಟ. ವಿಜ್ಞಾನದ ಕಥೆಯಾಗಿ ಇದನ್ನು ಎಷ್ಟು ಸಲ ಬೇಕಾದರೂ ಓದಬಲ್ಲೆ. ಚಿಕಿತ್ಸೆಯ ಕಥೆಯಾಗಿ ಮಾತ್ರ ಇದು ಅರೆಬರೆ. ಔಷಧಿ ಗೆದ್ದಿತು ಎಂದು ಇದು ಮುಗಿಯುವಲ್ಲಿ ರೋಗಿಯ ದುಡಿಮೆ ಶುರುವಾಗುತ್ತದೆ.

ಸಿಎಂಎಲ್ ಇರುವವರು ಈ ಮಾತ್ರೆಯನ್ನು ವರ್ಷಾನುಗಟ್ಟಲೆ ದಿನವೂ ನುಂಗಬೇಕು. ಊಟದ ಜೊತೆಗೆ, ದೊಡ್ಡ ಲೋಟದ ತುಂಬ ನೀರು ಕುಡಿದು. ಖಾಲಿ ಹೊಟ್ಟೆಗೆ ಬಿದ್ದರೆ ವಾಕರಿಕೆ. ಬೆಳಿಗ್ಗೆ ಕಣ್ಣಿನ ಸುತ್ತ ಬಾವು, ರಾತ್ರಿ ಮೀನಖಂಡದಲ್ಲಿ ಸೆಳೆತ. ಕಪ್ಪು ಮೈಬಣ್ಣದ ಕೆಲವರಲ್ಲಿ ಚರ್ಮ ತಿಳಿಯಾಗುತ್ತದೆ. ಕಾಯಿಲೆ ಬಚ್ಚಿಟ್ಟವಳಿಗೆ ‘ಏನಮ್ಮಾ, ಬೆಳ್ಳಗಾಗಿಬಿಟ್ಟಿದ್ದೀಯಲ್ಲ’ ಎಂಬ ಮೆಚ್ಚುಗೆಯೂ ಚುಚ್ಚೀತು. ಕೀಮೋ ಅಲ್ಲವಲ್ಲ, ಬರೀ ಮಾತ್ರೆ ತಾನೇ ಎನ್ನುವವರಿಗೆ ಇವೆಲ್ಲ ಸಣ್ಣವು. ಸಣ್ಣವೇ ಸರಿ, ಆದರೆ ಇಂಥವಕ್ಕೆ ಬೇಸತ್ತೇ ಎಷ್ಟೋ ಜನ ಡೋಸ್ ತಪ್ಪಿಸುವುದು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು ಡಬ್ಬಿಯ ಮುಚ್ಚಳದಲ್ಲಿ ಚಿಪ್ ಇಟ್ಟು ಮಾತ್ರೆಗಳ ಲೆಕ್ಕ ಹಿಡಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಶೇ. 90ಕ್ಕಿಂತ ಹೆಚ್ಚು ಡೋಸ್ ತೆಗೆದುಕೊಂಡವರಲ್ಲಿ ಆರು ವರ್ಷಕ್ಕೆ ರೋಗದ ಜಾಡು ಸಾವಿರದಲ್ಲೊಂದು ಪಾಲಿಗೆ ಇಳಿಯುವ ಸಾಧ್ಯತೆ ಶೇ. 94ರಷ್ಟು, ಉಳಿದವರಲ್ಲಿ ಶೇ. 28. ತಿಂಗಳಿಗೆ ಮೂರು ದಿನ ತಪ್ಪಿದರೆ ಆ ಶೇ. 90ರ ಗೆರೆ ತಲುಪಿದಂತೆ.

ಇಮಾಟಿನಿಬ್ ಅನ್ನು ರೋಗಿಗಳ ಮೇಲೆ ಪರೀಕ್ಷಿಸಿದ ಐರಿಸ್ ಪ್ರಯೋಗದಲ್ಲಿ ಹತ್ತು ವರ್ಷ ಕಳೆದರೂ ಶೇ. 83 ಜನ ಬದುಕಿದ್ದರಲ್ಲ ಎಂದು ಔಷಧಿಯ ಅಭಿಮಾನಿಗಳು ಕೇಳಬಹುದು. ಆ ಸಾಧನೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಅಂಕಿ ಬಂದದ್ದು ಹೆಜ್ಜೆಹೆಜ್ಜೆಗೂ ನಿಗಾ ಇದ್ದ ಕಡೆ. ಸಂತೆ, ಮದುವೆ, ಕೂಲಿಯ ನಡುವೆ ಮಾತ್ರೆ ನುಂಗುವವರ ನಿಗಾ ಅವರದೇ. ಇನ್ನೊಂದು ಎಚ್ಚರ: ಸಿಎಂಎಲ್ ಅಪವಾದ. ಶ್ವಾಸಕೋಶದ ಕ್ಯಾನ್ಸರಿಗೆ ಇಂಥದ್ದೇ ಮಾತ್ರೆಯಾದ ಜೆಫಿಟಿನಿಬ್ ಕೊಟ್ಟಾಗ ಸಾಮಾನ್ಯವಾಗಿ ವರ್ಷದ ಆಸುಪಾಸಿನಲ್ಲೇ ರೋಗ ಔಷಧಿಗೆ ಜಗ್ಗದೆ ದಾರಿ ಬದಲಿಸುತ್ತದೆ. ಆ ರೋಗಿಗೆ ಗ್ಲಿವೆಕ್ ಉದಾಹರಣೆ ಕೊಟ್ಟು ಧೈರ್ಯ ಹೇಳುವುದು ನನ್ನ ದೃಷ್ಟಿಯಲ್ಲಿ ದಾರಿ ತಪ್ಪಿಸುವುದೇ.

ನಮ್ಮಲ್ಲಿ ಈ ಕಥೆಗೆ ಎರಡನೇ ಗೆಲುವೊಂದು ಸೇರಿಕೊಂಡಿದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಗ್ಲಿವೆಕ್ ತಯಾರಿಸುವ ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ನಿರಾಕರಿಸಿತು. ಬ್ರ್ಯಾಂಡಿನ ಮಾತ್ರೆಗೆ ತಿಂಗಳಿಗೆ ಲಕ್ಷಕ್ಕೂ ಮಿಕ್ಕಿ ಬೆಲೆಯಿದ್ದಾಗ ಜೆನೆರಿಕ್ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ದೊಡ್ಡ ತೀರ್ಪು, ಅನುಮಾನವಿಲ್ಲ. ಆದರೆ ಮಾತ್ರೆ ಅಗ್ಗವಾದ ಮಾತ್ರಕ್ಕೆ ಚಿಕಿತ್ಸೆ ಅಗ್ಗವಾಗಲಿಲ್ಲ. ಔಷಧಿ ನಾಟುತ್ತಿದೆಯೇ, ಡಾಸಾಟಿನಿಬ್, ನಿಲೋಟಿನಿಬ್‌ನಂಥ ಬೇರೆ ಔಷಧಿಗೆ ಬದಲಾಯಿಸಬೇಕೇ ಎಂದು ತಿಳಿಯಲು ಮೂರು ತಿಂಗಳಿಗೊಮ್ಮೆ ರಕ್ತದಲ್ಲಿ ರೋಗದ ಜಾಡು ಅಳೆಯುವ ಪಿಸಿಆರ್ ಪರೀಕ್ಷೆ ಮಾಡಿಸಬೇಕು. ಅದರ ಖರ್ಚಿನ ಬಗ್ಗೆ ಸಂಭ್ರಮದಲ್ಲಿ ಯಾರೂ ಉಸಿರೆತ್ತಲಿಲ್ಲ.

ಭಾರತದಲ್ಲಿ ಈ ಕಾಯಿಲೆ ಬರುವವರು ಪಾಶ್ಚಾತ್ಯ ರೋಗಿಗಳಿಗಿಂತ ಚಿಕ್ಕ ವಯಸ್ಸಿನವರು, ಹಲವರು ಮೂವತ್ತು ನಲವತ್ತರ ಆಸುಪಾಸಿನವರು. ಇಮಾಟಿನಿಬ್ ಭ್ರೂಣಕ್ಕೆ ಅಪಾಯಕಾರಿ. ಮಗು ಬೇಕೆನ್ನುವವಳು ಮಾತ್ರೆ ನಿಲ್ಲಿಸಬಹುದೇ? ಫ್ರಾನ್ಸಿನ ಸ್ಟಿಮ್ ಅಧ್ಯಯನದಲ್ಲಿ, ಕನಿಷ್ಠ ಎರಡು ವರ್ಷ ರೋಗದ ಜಾಡೇ ಸಿಗದವರು ಮಾತ್ರೆ ಬಿಟ್ಟಾಗಲೂ ಸುಮಾರು ಶೇ. 60 ಜನರಲ್ಲಿ ಅದು ಮರಳಿತು, ಹೆಚ್ಚಿನವರಲ್ಲಿ ಮೊದಲ ಆರೇಳು ತಿಂಗಳಲ್ಲೇ. ಹಾಗಾಗಿ ಬಿಟ್ಟ ಮೇಲೆ ತಿಂಗಳು ತಿಂಗಳೂ ಪಿಸಿಆರ್ ರಿಪೋರ್ಟ್ ಬೇಕು. ಆ ಸೌಲಭ್ಯವಿಲ್ಲದ ಊರಿನಲ್ಲಿ ಅವಳಿಗೆ ವೈದ್ಯರು ಧೈರ್ಯವಾಗಿ ಹೇಳಬಹುದಾದದ್ದು ಒಂದೇ: ಸದ್ಯಕ್ಕೆ ಬೇಡಮ್ಮ.