ಎರಡು ವೈದ್ಯಲೇಖಗಳು: ವಾದವೋ, ಜಲ್ಪವೋ?

ಅಂಟುಜಾಡ್ಯವೊಂದರ ನಿಗ್ರಹವನ್ನು ಕುರಿತು ಪಾಶ್ಚಾತ್ಯ ವೈದ್ಯಪಂಡಿತರು ಪ್ರಕಟಿಸಿದ ಎರಡು ಕಿರುಲೇಖಗಳನ್ನು ಸಾಹಿತ್ಯಸಂಶೋಧನೆಗೆ ಮೀಸಲಾದ ಈ ಪತ್ರಿಕೆಯಲ್ಲಿ ಪರಿಶೀಲಿಸುವುದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ರೋಗದ ನಿದಾನಚಿಕಿತ್ಸೆಗಳಲ್ಲಿ ನಮಗೆ ಅಧಿಕಾರವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ವಾಕ್ಯಗಳಿಂದ ಕಟ್ಟಿದ ಪ್ರತಿಪಾದನೆಯು ಯಾರದೇ ಆಗಲಿ, ಶಬ್ದಾರ್ಥಪರೀಕ್ಷೆಗೆ ಒಳಗಾಗತಕ್ಕದ್ದೇ. ಈ ಲೇಖಗಳ ಒಂದೊಂದು ಪದದ ಮೇಲೂ ಜನರ ಪ್ರಾಣ, ಕೂಲಿಕಾರರ ಅನ್ನ, ಮಕ್ಕಳ ವಿದ್ಯೆ ತೂಗುತ್ತಿದ್ದುವಾದ್ದರಿಂದ ಪರೀಕ್ಷೆಯು ಕೊಂಚ ನಿಷ್ಠುರವಾದರೂ ವಾಚಕರು ಸಹಿಸಬೇಕು.

ಮೊದಲನೆಯದು 2020ನೆಯ ಇಸವಿ ಅಕ್ಟೋಬರ್ 4ರಂದು ಅಮೆರಿಕೆಯ ಮ್ಯಾಸಚೂಸೆಟ್ಸ್ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ ಹೊರಟ 'ಗ್ರೇಟ್ ಬ್ಯಾರಿಂಗ್ಟನ್ ಘೋಷಣೆ'. ಹಾರ್ವರ್ಡಿನ ಮಾರ್ಟಿನ್ ಕುಲ್‌ಡಾರ್ಫ್, ಆಕ್ಸ್‌ಫರ್ಡಿನ ಸುನೇತ್ರಾ ಗುಪ್ತಾ, ಸ್ಟ್ಯಾನ್‌ಫರ್ಡಿನ ಜಯ್ ಭಟ್ಟಾಚಾರ್ಯ ಇದರ ಕರ್ತೃಗಳು. ಕೋವಿಡ್ಡಿನಿಂದ ಸಾಯುವ ಅಪಾಯವು ತರುಣರಿಗಿಂತ ವೃದ್ಧರಿಗೂ ದುರ್ಬಲರಿಗೂ ಸಾವಿರ ಪಟ್ಟಿಗಿಂತ ಅಧಿಕ. ಆದಕಾರಣ ವೃದ್ಧರನ್ನು ವಿಶೇಷವಾಗಿ ಕಾಪಾಡಿ ಉಳಿದವರನ್ನು ಎಂದಿನಂತೆ ಬಾಳಲು ಬಿಡತಕ್ಕದ್ದು ಎಂಬುದು ಇದರ ಸಾರ. ಈ ನೀತಿಗೆ ಅವರು 'ಕೇಂದ್ರೀಕೃತ ರಕ್ಷಣೆ' ಎಂದು ಹೆಸರಿಟ್ಟರು. ಹತ್ತು ದಿನಗಳ ಬಳಿಕ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹಲವು ದೇಶಗಳ ವಿದ್ವಾಂಸರು ಪ್ರಕಟಿಸಿದ ಪ್ರತ್ಯುತ್ತರವೇ 'ಜಾನ್ ಸ್ನೋ ವಿಜ್ಞಾಪನೆ'. ತರುಣರಲ್ಲಿ ಸೋಂಕನ್ನು ಹರಿಯಬಿಟ್ಟು ವೃದ್ಧರನ್ನು ಮಾತ್ರ ಬೇರ್ಪಡಿಸಿಡುವುದು ಅಶಕ್ಯ, ಅನ್ಯಾಯ್ಯ ಎಂದು ಅದು ಸಾರಿತು.

ಈ ವಿವಾದವನ್ನು ಓದುವಾಗ ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ನೆನಪಿಗೆ ಬಾರದಿರದು. ಜನಪದಗಳೇ ನಾಶವಾಗುವ ಮಾರಕರೋಗಗಳ ಪ್ರಸಂಗ ಅದು. ಪ್ರಕೃತಿ, ಆಹಾರ, ಬಲ, ವಯಸ್ಸು ಇವುಗಳಲ್ಲಿ ಪರಸ್ಪರ ಭಿನ್ನರಾದ ಜನರನ್ನು ಒಂದೇ ರೋಗವು ಒಂದೇ ಕಾಲದಲ್ಲಿ ಹೇಗೆ ಕೆಡಹುತ್ತದೆ ಎಂದು ಅಗ್ನಿವೇಶನು ಗುರುವನ್ನು ಕೇಳುತ್ತಾನೆ. ಜನರು ಭಿನ್ನರಾದರೂ ವಾಯು, ಉದಕ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನವೆಂದು ಆತ್ರೇಯನ ಉತ್ತರ. ಘೋಷಣೆಯು ಅಗ್ನಿವೇಶನ ಪ್ರಶ್ನೆಯಲ್ಲಿರುವ ಭೇದವನ್ನು ಹಿಡಿದು ನಿಂತಿತು. ವಿಜ್ಞಾಪನೆಯು ಆತ್ರೇಯನ ಉತ್ತರದಲ್ಲಿರುವ ಸಾಮಾನ್ಯವನ್ನು ಹಿಡಿಯಿತು. ಎರಡೂ ಸತ್ಯವೇ. ಭೇದದಿಂದ ಯಾವುದು ಸಿದ್ಧಿಸುತ್ತದೆ, ಯಾವುದು ಸಿದ್ಧಿಸುವುದಿಲ್ಲ ಎಂಬುದೇ ವಿಚಾರಣೀಯ.

ಘೋಷಣೆಯ ಹೇತುವು ಅಸಿದ್ಧವಲ್ಲ. ಮರಣಾಪಾಯದಲ್ಲಿ ವಯೋಭೇದವು ಅಗಾಧವೆಂಬುದನ್ನು ಪ್ರತಿಪಕ್ಷದವರೂ ಅಲ್ಲಗಳೆದಿಲ್ಲ. ಆದರೆ ವ್ಯಾಪ್ತಿಯು ಸಾಲದು. ಅಪಾಯದಲ್ಲಿ ಭೇದವಿದ್ದ ಮಾತ್ರಕ್ಕೆ ವಾಸದಲ್ಲಿಯೂ ಭೇದವನ್ನು ಕಲ್ಪಿಸಬಹುದೆಂದು ಹೇಗೆ ಸಿದ್ಧವಾಯಿತು? ವೃದ್ಧಾಶ್ರಮಗಳ ವಿಷಯದಲ್ಲಿ ಘೋಷಣೆಯು ಕೆಲವು ಉಪಾಯಗಳನ್ನು ಹೇಳುತ್ತದೆ. ನಿವೃತ್ತರ ಮನೆಗೆ ದಿನಸಿಯನ್ನು ತಲಪಿಸಬೇಕೆನ್ನುತ್ತದೆ. ಆದರೆ ಹಲವು ತಲೆಮಾರುಗಳು ಕೂಡಿ ಬಾಳುವ ಮನೆಗಳ ವಿಚಾರಕ್ಕೆ ದೊರೆತಿರುವುದು ಒಂದು ಉಪವಾಕ್ಯ ಮಾತ್ರ: ಅದಕ್ಕೂ ಕ್ರಮಗಳುಂಟು, ಅವು ಅಧಿಕಾರಿಗಳ ಸಾಮರ್ಥ್ಯಕ್ಕೆ ಮೀರಿದುವಲ್ಲ ಎಂಬ ಆಶ್ವಾಸನ. ಅನಂತರ ಪ್ರಶ್ನೋತ್ತರರೂಪವಾಗಿ ಕೊಟ್ಟ ವಿವರಣೆಯಲ್ಲಿ, ವೃದ್ಧರು ಕೆಲಕಾಲ ತಮ್ಮ ವಯಸ್ಸಿನ ಗೆಳೆಯರ ಅಥವಾ ಒಡಹುಟ್ಟಿದವರ ಮನೆಯಲ್ಲಿರಬಹುದು, ಕೊನೆಯ ಉಪಾಯವಾಗಿ ಬರಿದಾದ ಹೋಟೆಲು ಕೋಣೆಗಳನ್ನು ಬಳಸಬಹುದು ಎಂದಿದ್ದಾರೆ. ಆ ವರ್ಷ ನಮ್ಮ ಮನೆಯ ನಡುಮನೆಯಲ್ಲಿ ಎಂಬತ್ತು ದಾಟಿದ ತಾಯಿಯವರೂ ಶಾಲೆಗೆ ಹೋಗುವ ಹುಡುಗರೂ ಒಂದೇ ಚಾಪೆಯ ಎರಡು ಅಂಚುಗಳಲ್ಲಿ ಮಲಗುತ್ತಿದ್ದರು. ಆ ಉಪವಾಕ್ಯವನ್ನು ಓದಿದಾಗ ನಮಗೆ ನಗು ಬರಲಿಲ್ಲ. ಪ್ರತಿಜ್ಞೆಯ ಪ್ರಾಣವೇ ಇರುವ ಸ್ಥಳದಲ್ಲಿ ಉದಾಹರಣೆಯನ್ನು ಕೊಡದೆ ನಿಗಮನಕ್ಕೆ ಹಾರಿದ ಲೇಖವನ್ನು ಪಾಠಶಾಲೆಯಲ್ಲಿ ನಮ್ಮ ಗುರುಗಳು ಹಿಂದಿರುಗಿಸುತ್ತಿದ್ದರು.

ಉದಾಹರಣೆಯೆಂದು ಹೇಳಬಹುದಾಗಿದ್ದುದು ಸ್ವೀಡನ್ ದೇಶ. ಅಲ್ಲಿ ಲಾಕ್‌ಡೌನ್ ಇರಲಿಲ್ಲ. ಕಿರಿಯ ಮಕ್ಕಳ ಶಾಲೆಗಳು ನಡೆದುವು. ವೃದ್ಧರ ರಕ್ಷಣೆಯು ಸರ್ಕಾರದ ಘೋಷಿತ ಗುರಿಯಾಗಿತ್ತು. 2020ರ ಡಿಸೆಂಬರಿನಲ್ಲಿ ಆ ದೇಶದ ವಿಚಾರಣಾ ಆಯೋಗವು ವೃದ್ಧರ ರಕ್ಷಣೆಯೇ ವಿಫಲವಾಯಿತೆಂದು ತೀರ್ಮಾನಿಸಿತು. ಅದಕ್ಕೆ ಸಮಾಜದಲ್ಲಿ ಸೋಂಕಿನ ಸಾಮಾನ್ಯ ಪ್ರಸರಣವನ್ನೂ ವೃದ್ಧಾಶ್ರಮಗಳ ಹಳೆಯ ವ್ಯವಸ್ಥಾದೋಷಗಳನ್ನೂ ಕಾರಣವಾಗಿ ಹೇಳಿತು. ಅದೇ ಆಯೋಗವು 2022ರ ಫೆಬ್ರುವರಿಯಲ್ಲಿ, ಬಲಾತ್ಕಾರವಿಲ್ಲದೆ ಜನರ ವಿವೇಕವನ್ನು ನೆಚ್ಚಿದ ಮಾರ್ಗವು ಮೂಲತಃ ಸರಿಯಾದುದೇ, ಆದರೆ ಆರಂಭದಲ್ಲಿ ಇನ್ನೂ ಬಿಗಿಯಾದ ಕ್ರಮಗಳು ಬೇಕಾಗಿದ್ದುವು ಎಂದೂ ಹೇಳಿತು. ಎರಡು ಪಕ್ಷದವರೂ ಈ ವರದಿಯಿಂದ ತಮಗೆ ಬೇಕಾದ ಅರ್ಧವನ್ನು ಮಾತ್ರ ಉದ್ಧರಿಸುವುದನ್ನು ನೋಡಿದ್ದೇವೆ.

ಇನ್ನು ಛಲದ ವಿಚಾರ. 'ನವಕಂಬಲ'ವೆಂದರೆ ಹೊಸ ಕಂಬಳಿಯೋ ಒಂಬತ್ತು ಕಂಬಳಿಯೋ ಎಂದು ಕಾಡುವ ವಾಕ್ಛಲವು ನೈಯಾಯಿಕರಿಗೆ ಚಿರಪರಿಚಿತ. ಇಲ್ಲಿ ಆ ಸ್ಥಾನದಲ್ಲಿರುವುದು 'ಹರ್ಡ್ ಇಮ್ಯೂನಿಟಿ', ಅಂದರೆ ಸಮುದಾಯದ ರೋಗನಿರೋಧಸ್ಥಿತಿ. ಅದು ಎಲ್ಲ ಜನಸಮುದಾಯಗಳೂ ಕಡೆಗೆ ಮುಟ್ಟುವ ಸ್ಥಿತಿಯೇ ಹೊರತು ತಾವು ವಿಧಿಸಿದ ಉಪಾಯವಲ್ಲ, ವಿರೋಧಿಗಳು ಅರ್ಥವನ್ನು ತಿರುಚಿದರು ಎಂದು ಘೋಷಣೆಯ ಕರ್ತೃಗಳ ದೂರು. ಅವರ ವಾಕ್ಯವನ್ನೇ ನೋಡೋಣ. ಅಪಾಯ ಕಡಿಮೆಯಿರುವವರನ್ನು ಎಂದಿನಂತೆ ಬಾಳಲು ಬಿಡುವುದು, ಸಹಜವಾದ ಸೋಂಕಿನಿಂದ ನಿರೋಧಶಕ್ತಿಯನ್ನು ಬೆಳೆಸಿಕೊಳ್ಳಲಿಕ್ಕೆ ಎಂದಿದೆ. ಅಲ್ಲಿನ ಇಂಗ್ಲಿಷ್ ಕ್ರಿಯಾರೂಪವು ನಮ್ಮ ತುಮುನ್ನಂತದಂತೆ ಪ್ರಯೋಜನವಾಚಕವಾಗಿದೆ. ಫಲವು ತಾನಾಗಿ ಒದಗುತ್ತದೆಂಬ ಅರ್ಥ ಅದರಿಂದ ಸಹಜವಾಗಿ ಹೊರಡದು. ಆದುದರಿಂದ ವಿರೋಧಿಗಳ ಅರ್ಥಗ್ರಹಣವನ್ನು ಛಲವೆನ್ನಲಾಗದು. ಅದಕ್ಕೆ ವಾಕ್ಯವೇ ಎಡೆಗೊಟ್ಟಿದೆ.

ಆದರೆ 'ಲಾಕ್‌ಡೌನ್' ಶಬ್ದದ ವಿಷಯದಲ್ಲಿ ಛಲವು ನಿಜವಾಗಿಯೂ ನಡೆದಿದೆ. 2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಕಟವಾಗಿ ನಾಲ್ಕೇ ಗಂಟೆಗಳಲ್ಲಿ ಜಾರಿಗೆ ಬಂದು, ನಮ್ಮ ದೇಶದ ಕೂಲಿಕಾರರನ್ನು ನೂರಾರು ಮೈಲಿ ನಡೆಯಿಸಿದುದೂ ಲಾಕ್‌ಡೌನೇ. ಲಂಡನ್ನಿನ ಗೃಹಸ್ಥನು ತೋಟದ ಮನೆಯಲ್ಲಿ ಕುಳಿತು ಕಳೆದುದೂ ಲಾಕ್‌ಡೌನೇ. ವಿಜ್ಞಾಪನೆಯು ಶಾಶ್ವತವಾದ ಗೃಹಬಂಧವನ್ನು ಕೋರಿರಲಿಲ್ಲ. ಪತ್ತೆ, ಪರೀಕ್ಷೆ, ಪ್ರತ್ಯೇಕವಾಸ ಇವುಗಳ ವ್ಯವಸ್ಥೆಯನ್ನು ಸರಿಪಡಿಸಿಕೊಳ್ಳುವವರೆಗೆ ನಿರ್ಬಂಧಗಳು ಬೇಕು, ಅದೂ ಮುಂದಿನ ಲಾಕ್‌ಡೌನುಗಳನ್ನು ತಪ್ಪಿಸುವುದಕ್ಕಾಗಿ ಎಂಬುದೇ ಅದರ ನುಡಿ. ದೊರೆತ ಕಾಲವನ್ನು ಉಪಯೋಗಿಸಿಕೊಳ್ಳಲಾರದ ದೇಶಗಳಲ್ಲಿ ಲಾಕ್‌ಡೌನಿನ ಹಾನಿಯು ಹೆಚ್ಚೆಂಬುದನ್ನೂ ಅದು ಒಪ್ಪಿದೆ. ಈ ಲೇಖವನ್ನು ಲಾಕ್‌ಡೌನಿನ ಸ್ತುತಿಯೆಂದು ಕರೆದವರು ಅದನ್ನು ಓದಿಲ್ಲ.

ಹಾಗೆಂದು ವಿಜ್ಞಾಪನೆಯು ನಿರ್ದೋಷವಲ್ಲ. ತನ್ನ ಶಿರೋನಾಮದಲ್ಲಿಯೇ ಅದು 'ವೈಜ್ಞಾನಿಕ ಸಹಮತ'ವೆಂದು ಕರೆದುಕೊಂಡಿತು. ವಿವಾದದಲ್ಲಿರುವ ವಿಷಯಕ್ಕೆ ವಿವಾದವೇ ಇಲ್ಲವೆಂಬುದನ್ನು ಹೇತುವಾಗಿ ಕೊಡುವುದು ಸಾಧ್ಯಸಮವೆಂಬ ಹೇತ್ವಾಭಾಸ. ಸೋಂಕಿನಿಂದ ಬರುವ ನಿರೋಧಶಕ್ತಿಯು ಬಾಳುತ್ತದೆನ್ನಲು ಆಧಾರವೇ ಇಲ್ಲವೆಂದು ಅದು ಅತಿಯಾಗಿ ನುಡಿಯಿತು. ತಿಂಗಳುಗಟ್ಟಲೆ ರಕ್ಷಣೆಯುಂಟೆಂದು ಮುಂದೆ ತಿಳಿಯಿತು. ಕಡೆಗೆ ಎದುರುಪಕ್ಷವನ್ನು 'ಚಿತ್ತವಿಕ್ಷೇಪ'ವೆಂದು ತಳ್ಳಿತು. ಸ್ನೋ ಮಹಾಶಯನ ಹೆಸರನ್ನು ಧ್ವಜವಾಗಿ ಹಿಡಿದುದೂ ವಿನೋದವೇ. 1854ರಲ್ಲಿ ಅವನ ಸೂಚನೆಯಂತೆ ಕಿತ್ತದ್ದು ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಹಿಡಿಕೆ. ಲಂಡನ್ನನ್ನು ಅವನು ಮುಚ್ಚಿಸಲಿಲ್ಲ. ಘೋಷಣೆಯವರೂ ಆ ಹೆಸರನ್ನು ಹಿಡಿಯಬಹುದಾಗಿತ್ತು. ಮುಖ್ಯವಿಷಯದಲ್ಲಿ ಮಾತ್ರ ಕಾಲವು ವಿಜ್ಞಾಪನೆಯ ಕಡೆಗೇ ಸಾಕ್ಷಿ ಹೇಳಿತು. ಕೆಲವು ತಿಂಗಳಲ್ಲಿ ಲಸಿಕೆ ಬರುತ್ತದೆ, ಅಲ್ಲಿಯವರೆಗೆ ತಡೆಯಿರಿ ಎಂದು ಅದು ಹೇಳಿತ್ತು. ಆ ಡಿಸೆಂಬರ್ 2ರಂದೇ ಬ್ರಿಟನ್ನಿನಲ್ಲಿ ಮೊದಲ ಲಸಿಕೆಗೆ ಅನುಮತಿ ದೊರೆಯಿತು.

ಚರಕನು ವಿಮಾನಸ್ಥಾನದ ಎಂಟನೆಯ ಅಧ್ಯಾಯದಲ್ಲಿ ವೈದ್ಯರ ಚರ್ಚೆಯನ್ನು ಸಂಧಾಯಸಂಭಾಷೆ, ವಿಗೃಹ್ಯಸಂಭಾಷೆ ಎಂದು ವಿಭಾಗಿಸಿದ್ದಾನೆ. ಕೂಡಿ ತಿಳಿಯುವುದು ಒಂದು, ಕಾದಿ ಗೆಲ್ಲುವುದು ಮತ್ತೊಂದು. ಇಲ್ಲಿ ನಡೆದುದು ಎರಡನೆಯದು. ಘೋಷಣೆಯವರು ಸಹಿಗಳ ಸಂಖ್ಯೆಯನ್ನು ಪ್ರಮಾಣವೆಂದು ಮೆರೆಸಿದರು. ಸಹಿಗಳಲ್ಲಿ ಹುಸಿ ಹೆಸರುಗಳು ಬೆರೆತಿದ್ದುವು. ಇತ್ತ ಅಮೆರಿಕೆಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಅಂದಿನ ನಿರ್ದೇಶಕ ಫ್ರಾನ್ಸಿಸ್ ಕಾಲಿನ್ಸರು ಅಕ್ಟೋಬರ್ 8ರಂದೇ ಆಂಟನಿ ಫೌಚಿಯವರಿಗೆ ಬರೆದ ಪತ್ರದಲ್ಲಿ ಆ ಮೂವರನ್ನು ಶಾಸ್ತ್ರದ ಅಂಚಿನವರೆಂದು ಕರೆದು, ಅವರ ಮತವನ್ನು ಶೀಘ್ರವಾಗಿ ನೆಲಕ್ಕುರುಳಿಸುವ ಲೇಖವೊಂದು ಬೇಕೆಂದರು. ಪತ್ರವು ಬಯಲಾದುದು 2021ರ ಡಿಸೆಂಬರಿನಲ್ಲಿ. ಖಂಡನೆ ಬೇಕೆಂದುದು ದೋಷವಲ್ಲ. ಪೂರ್ವಪಕ್ಷವನ್ನು ಅನುವಾದಮಾಡುವ ಮುನ್ನವೇ ಅದರ ಪತನವನ್ನು ನಿಶ್ಚಯಿಸಿದುದು ದೋಷ. ಮಕ್ಕಳನ್ನು ಶಾಲೆಯಿಂದ ಹೊರಗಿಡುವುದು ಘೋರ ಅನ್ಯಾಯವೆಂದು ಘೋಷಣೆಯು ಹೇಳಿದ ಮಾತು ಈ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ. ನಮ್ಮ ಕರ್ಣಾಟಕದಲ್ಲಿ ಅದೇ ಅಕ್ಟೋಬರಿನಲ್ಲಿಯೇ ಗುಡಿಯ ಜಗಲಿ, ಮರದ ನೆರಳುಗಳಲ್ಲಿ ನಡೆಯುತ್ತಿದ್ದ 'ವಿದ್ಯಾಗಮ'ದ ಪಾಠಗಳೂ ನಿಂತುವು.

ರೋಗವನ್ನು ತಡೆಯುವುದಕ್ಕೆ ಅನಂತಮೌಲ್ಯವನ್ನೂ ಮಕ್ಕಳ ಶಿಕ್ಷಣಾದಿಗಳಿಗೆ ಶೂನ್ಯಮೌಲ್ಯವನ್ನೂ ಕಟ್ಟಿದ್ದೆವು, ಅದು ತಪ್ಪಾಯಿತು ಎಂಬ ಅರ್ಥ ಬರುವಂತೆ ಕಾಲಿನ್ಸರೇ 2023ರ ಸಂವಾದವೊಂದರಲ್ಲಿ ನುಡಿದಿದ್ದಾರೆ. 2025ರಲ್ಲಿ ಅವರ ಹಿಂದಿನ ಪೀಠಕ್ಕೆ ಭಟ್ಟಾಚಾರ್ಯರೇ ಬಂದರು. ಅದೇ ವರ್ಷದ ನವೆಂಬರಿನಲ್ಲಿ ಬ್ರಿಟನ್ನಿನ ವಿಚಾರಣಾ ಸಮಿತಿಯು, ಲಘುವಾದ ಕ್ರಮಗಳನ್ನು ಇನ್ನೂ ಮೊದಲೇ ಕೈಗೊಂಡಿದ್ದರೆ ಲಾಕ್‌ಡೌನೇ ಬೇಕಾಗದೆ ಇರಬಹುದಾಗಿತ್ತು ಎಂದು ವರದಿಮಾಡಿತು.