ಮಂದೆಗೂ ಮಾತುಂಟೇ?



ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಅಂಗಳಕ್ಕೆ ಬಂದೊಡನೆ ನಮ್ಮಲ್ಲಿ ಮಾತು ಮೊದಲಾಗುತ್ತದೆ. ಸ್ವಾಮಿಯವರ ಪ್ರಬೋಧನೆ ಉದ್ದವಾಯಿತು, ಕಟ್ಟಡದ ಲೆಕ್ಕ ಇನ್ನೂ ಬಂದಿಲ್ಲ, ಧರ್ಮಾಧ್ಯಕ್ಷರು ಕೆಲವರ ಮಾತನ್ನಷ್ಟೇ ಕೇಳುತ್ತಾರೆ. ಗೇಟು ದಾಟುವ ಹೊತ್ತಿಗೆ ಎಲ್ಲವನ್ನೂ ಆಡಿ ಮುಗಿಸಿರುತ್ತೇವೆ, ಕೇಳಬೇಕಾದವರ ಕಿವಿಗೆ ಮಾತ್ರ ಒಂದೂ ಬಿದ್ದಿರುವುದಿಲ್ಲ. ಅದನ್ನೇ ಯಾರಾದರೂ ಹೆಸರು ಹಾಕಿ ಬಹಿರಂಗವಾಗಿ ಬರೆದರೆ, ಮನೆಯ ಗುಟ್ಟನ್ನು ಬೀದಿಗೆ ತಂದರೆಂದು ನಾವೇ ಮುನಿಯುತ್ತೇವೆ. ಪಿಸುಮಾತಿನಿಂದ ಭಕ್ತಿಗೆ ಕುಂದಿಲ್ಲ, ತೆರೆದ ಮಾತು ಮಾತ್ರ ದ್ರೋಹ ಎಂಬ ಈ ಲೆಕ್ಕಾಚಾರ ನಮಗೆ ಎಲ್ಲಿಂದ ಬಂತು?

ಪವಿತ್ರ ಗ್ರಂಥದಿಂದಂತೂ ಬಂದದ್ದಲ್ಲ. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ತೆರೆದು ನೋಡಿ. ಅಂತಿಯೋಕ್ಯದಲ್ಲಿ ಅನ್ಯಧರ್ಮೀಯ ಮೂಲದ ವಿಶ್ವಾಸಿಗಳೊಡನೆ ಕುಳಿತು ಊಟಮಾಡುತ್ತಿದ್ದ ಸಂತ ಪೇತ್ರರು, ಯೆಹೂದ್ಯ ಮೂಲದ ಕೆಲವರು ಬಂದಾಗ ಅಂಜಿ ಹಿಂದೆ ಸರಿದರು. ಸಂತ ಪೌಲರು ಎಲ್ಲರ ಮುಂದೆಯೇ ಅವರನ್ನು ಪ್ರಶ್ನಿಸಿದರು. ಇದರಿಂದ ಪೇತ್ರರ ಸ್ಥಾನ ಹೋಗಲಿಲ್ಲ, ಪೌಲರು ಬೇರೊಂದು ಸಭೆಯನ್ನು ಕಟ್ಟಲೂ ಇಲ್ಲ. ಇಬ್ಬರ ಹಬ್ಬವನ್ನೂ ನಾವು ಜೂನ್ 29ರಂದು ಒಟ್ಟಾಗಿಯೇ ಆಚರಿಸುತ್ತೇವೆ.

1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯ 212ನೇ ವಿಧಿಯನ್ನು ಓದಿದವರು ನಮ್ಮಲ್ಲಿ ವಿರಳ. ಧರ್ಮಸಭೆಯ ಹಿತಕ್ಕೆ ಸಂಬಂಧಿಸಿದ ತಮ್ಮ ಅಭಿಪ್ರಾಯವನ್ನು ತಿಳಿವಳಿಕೆಗೆ ತಕ್ಕಂತೆ ಪಾಲಕರಿಗೆ ತಿಳಿಸುವ ಹಕ್ಕು ಭಕ್ತರಿಗಿದೆ, ಒಮ್ಮೊಮ್ಮೆ ಅದು ಕರ್ತವ್ಯವೂ ಹೌದು ಎನ್ನುತ್ತದೆ ಆ ವಿಧಿ. ಇತರ ಭಕ್ತರಿಗೂ ಅದನ್ನು ತಿಳಿಸಬಹುದು ಎಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ವಿಶ್ವಾಸಕ್ಕೂ ನೀತಿಗೂ ಧಕ್ಕೆಯಾಗಬಾರದು, ಪಾಲಕರ ಬಗ್ಗೆ ಗೌರವವಿರಬೇಕು, ವ್ಯಕ್ತಿಗಳ ಘನತೆ ನೆನಪಿರಬೇಕು ಎಂಬುದು ಅದರ ಷರತ್ತು. ವೇದಿಕೆಯ ಮೇಲಿನವರಿಗೆ ಷರತ್ತು ಮಾತ್ರ ಕಾಣುತ್ತದೆ, ಕೆಳಗೆ ನಿಂತು ಕೂಗುವವರಿಗೆ ಹಕ್ಕು ಮಾತ್ರ.

ಗೌರವವೆಂದರೆ ಮೌನ ಎಂದು ತಿಳಿದರೆ ಆಗುವ ಅನಾಹುತವನ್ನು ಅಮೆರಿಕದ ಬಾಸ್ಟನ್ ಮಹಾಧರ್ಮಪ್ರಾಂತ್ಯ ಕಂಡಿದೆ. 1982ರಲ್ಲಿ ಅಲ್ಲಿಯ ಒಬ್ಬ ಭಕ್ತೆ ಅಂದಿನ ಕಾರ್ಡಿನಲ್ ಮೆದೇರೋಸ್ ಅವರಿಗೆ ಪತ್ರ ಬರೆದರು. ಅವರ ಕುಟುಂಬದ ಏಳು ಗಂಡುಮಕ್ಕಳು ಜಾನ್ ಗೇಗನ್ ಎಂಬ ಗುರುವಿನಿಂದ ಲೈಂಗಿಕ ದೌರ್ಜನ್ಯಕ್ಕೆ ಗುರಿಯಾಗಿದ್ದರು. ಆ ಪತ್ರದಲ್ಲಿ ಬೈಗುಳವಿಲ್ಲ. ಕಣ್ಣೀರಿನ ನಡುವೆಯೂ ಗುರುದೀಕ್ಷೆಯ ಘನತೆಯನ್ನು ಕಾಪಾಡಬೇಕೆಂಬ ಕಳಕಳಿಯೇ ಅದರಲ್ಲಿದೆ. ನಾವು ಬೋಧಿಸುವ ಎಲ್ಲ ಮರ್ಯಾದೆಗಳನ್ನೂ ಆ ತಾಯಿ ಪಾಲಿಸಿದರು. ದೇವರ ಕರುಣೆಯನ್ನು ನೆನಪಿಸುವ ಉತ್ತರ ಬಂತು. 1984ರಲ್ಲಿ ಹೊಸ ಮಹಾಧರ್ಮಾಧ್ಯಕ್ಷರಾದ ಬರ್ನಾರ್ಡ್ ಲಾ ಅವರಿಗೂ ಬರೆದರು. ಸೂಕ್ತ ಕ್ರಮ ಕೈಗೊಳ್ಳಲಾಗುವುದೆಂಬ ಉತ್ತರ ಬಂತು. ಅದೇ ವರ್ಷ ಗೇಗನ್‌ಗೆ ವೆಸ್ಟನ್ ಎಂಬಲ್ಲಿ ಮತ್ತೊಂದು ಧರ್ಮಕೇಂದ್ರ ದೊರೆಯಿತು. ಸಹಾಯಕ ಧರ್ಮಾಧ್ಯಕ್ಷ ಜಾನ್ ಡಾರ್ಸಿ ಆ ನೇಮಕವನ್ನು ಪ್ರಶ್ನಿಸಿ ಬರೆದ ಪತ್ರವೂ ಫಲ ಕಾಣಲಿಲ್ಲ. ಎಲ್ಲವೂ ಗುಟ್ಟಾಗಿ, ಗೌರವದಿಂದ, ಕಡತದೊಳಗೆ ಉಳಿಯಿತು.

2002ರ ಜನವರಿಯಲ್ಲಿ 'ಬಾಸ್ಟನ್ ಗ್ಲೋಬ್' ಪತ್ರಿಕೆ ಆ ಕಡತಗಳನ್ನು ಬೆಳಕಿಗೆ ತಂದಿತು. ವೆಲ್ಸ್‌ಲಿಯ ದೇವಾಲಯವೊಂದರ ನೆಲಮಾಳಿಗೆಯಲ್ಲಿ ಶ್ರೀಸಾಮಾನ್ಯರು ಸೇರಿ ಮಾತಾಡತೊಡಗಿದರು. ಡಿಸೆಂಬರಿನಲ್ಲಿ 58 ಗುರುಗಳು ತಮ್ಮ ಹೆಸರು ಬರೆದು, ಕಾರ್ಡಿನಲ್ ಲಾ ಅವರು ಸ್ಥಾನ ತ್ಯಜಿಸಬೇಕೆಂದು ಕೋರಿದರು. ಅದೇ ತಿಂಗಳ 13ರಂದು ಅವರ ರಾಜೀನಾಮೆ ಅಂಗೀಕಾರವಾಯಿತು. ಆ 58 ಮಂದಿಯನ್ನು ಧರ್ಮಸಭೆಯ ಶತ್ರುಗಳೆಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ.

ಸಹೋದರನ ತಪ್ಪನ್ನು ಮೊದಲು ಏಕಾಂತದಲ್ಲಿ ತಿಳಿಸು ಎಂದು ಪ್ರಭುವೇ ಹೇಳಿಲ್ಲವೇ ಎಂದು ನೀವು ಕೇಳಬಹುದು. ಹೇಳಿದ್ದಾರೆ. ಆದರೆ ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯ ಏಕಾಂತದಲ್ಲಿ ಆರಂಭವಾಗಿ, ಇಬ್ಬರು ಮೂವರು ಸಾಕ್ಷಿಗಳನ್ನು ದಾಟಿ, ಸಭೆಯ ಮುಂದೆ ಬಂದು ನಿಲ್ಲುತ್ತದೆ. ನಾವು ಮೊದಲ ಮೆಟ್ಟಿಲಲ್ಲೇ ಪುಸ್ತಕ ಮುಚ್ಚುತ್ತೇವೆ.

ಸಾಕ್ಷಿಯ ಮಾತನ್ನು ಲಘುವಾಗಿ ಎಣಿಸುವಂತಿಲ್ಲ. ಆಸ್ಟ್ರೇಲಿಯದ ಕಾರ್ಡಿನಲ್ ಜಾರ್ಜ್ ಪೆಲ್ ಅವರನ್ನು ಜನ ತೀರ್ಪಿಗೆ ಮೊದಲೇ ದೂಷಿಸಿದರು. ಅವರು ಒಂದು ವರ್ಷಕ್ಕೂ ಮೀರಿ ಸೆರೆಯಲ್ಲಿದ್ದ ಮೇಲೆ, 2020ರ ಏಪ್ರಿಲ್‌ನಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರೂ ಒಮ್ಮತದಿಂದ ಶಿಕ್ಷೆಯನ್ನು ರದ್ದುಪಡಿಸಿದರು. ಕೈಯಲ್ಲಿ ಸಾಕ್ಷಿಯಿಲ್ಲದೆ, ಹೆಸರೂ ಇಲ್ಲದೆ ಕರಪತ್ರ ಹಂಚುವವರು ಇದನ್ನು ಮರೆಯಬಾರದು.

ಟೀಕೆ ಪೋಪರವರೆಗೂ ತಲುಪಬಹುದೇ? ಚಿಲಿ ದೇಶದ ಒಸೊರ್ನೊದಲ್ಲಿ 2015ರಲ್ಲಿ ಧರ್ಮಾಧ್ಯಕ್ಷ ಹುವಾನ್ ಬಾರೋಸ್ ಅವರ ಅಧಿಕಾರ ಸ್ವೀಕಾರದ ದಿನ ಭಕ್ತರು ಕಪ್ಪು ಬಟ್ಟೆ ತೊಟ್ಟು ದೇವಾಲಯದೊಳಗೇ ಪ್ರತಿಭಟಿಸಿದರು. ಒಬ್ಬ ಗುರುವಿನ ದೌರ್ಜನ್ಯವನ್ನು ಅವರು ಮುಚ್ಚಿಟ್ಟರೆಂಬುದು ದೂರು. 2018ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಇದನ್ನು ಅಪಪ್ರಚಾರವೆಂದರು. ವಿಚಾರಣೆ ನಡೆಸಿದ ಮೇಲೆ ಏಪ್ರಿಲ್‌ನಲ್ಲಿ, ತಾವು ಗಂಭೀರವಾಗಿ ತಪ್ಪಿದ್ದಾಗಿ ಬರೆದು ಕ್ಷಮೆ ಕೋರಿದರು. ಜೂನ್‌ನಲ್ಲಿ ಬಾರೋಸ್ ಅವರ ರಾಜೀನಾಮೆಯನ್ನು ಅಂಗೀಕರಿಸಿದರು.

ಮರುವರ್ಷ, 2019ರ ಮೇ ತಿಂಗಳಲ್ಲಿ, ಅದೇ ಪೋಪರು ಹೊಸ ನಿಯಮಗಳನ್ನು ಹೊರಡಿಸಿದರು. ಇಂಥ ದೂರುಗಳನ್ನು ಸ್ವೀಕರಿಸಲು ಪ್ರತಿ ಧರ್ಮಪ್ರಾಂತ್ಯದಲ್ಲೂ ಜನರಿಗೆ ಸುಲಭವಾಗಿ ಎಟುಕುವ ವ್ಯವಸ್ಥೆ ಇರಬೇಕು, ದೂರು ಕೊಟ್ಟವರ ಮೇಲೆ ಮೌನವನ್ನು ಹೇರಕೂಡದು ಎಂದು ಅವು ಹೇಳುತ್ತವೆ. ನಿಮ್ಮ ಧರ್ಮಪ್ರಾಂತ್ಯದಲ್ಲಿ ದೂರು ಸ್ವೀಕರಿಸುವವರು ಯಾರು, ಅವರ ವಿಳಾಸ ದೇವಾಲಯದ ಸೂಚನಾ ಫಲಕದಲ್ಲಿದೆಯೇ ಎಂದು ಬರುವ ಭಾನುವಾರ ನೋಡಿ. ಇಲ್ಲದಿದ್ದರೆ ಸ್ವಾಮಿಯವರನ್ನೇ ನೇರವಾಗಿ ಕೇಳಿ.