ಹೊದಿಕೆಯ ಮೇಲಿನ ಸಂಗೀತ

ವಿದ್ಯಾರ್ಥಿಗಳ ಸಂಗೀತ ಪತ್ರಿಕೆಗೆ ಮುಖಪುಟದ ಚಿತ್ರವನ್ನು ಯೋಜಿಸುವವರು ನ್ಯೂಯಾರ್ಕಿನ ಜಾಝ್ ಧ್ವನಿಮುದ್ರಣ ಸಂಸ್ಥೆ ಬ್ಲೂ ನೋಟ್‌ನ ಹೊದಿಕೆಗಳಿಂದ ಕಲಿಯಬೇಕಾದುದು ಬಹಳವಿದೆ. ಬರ್ಲಿನ್‌ನಿಂದ ಬಂದ ಛಾಯಾಗ್ರಾಹಕ ಫ್ರಾನ್ಸಿಸ್ ವುಲ್ಫ್ ಅವರು ಕಲಾವಿದರನ್ನು ಸಿಂಗರಿಸಿ ಕೂರಿಸದೆ, ನುಡಿಸುತ್ತಲೋ ಆಲಿಸುತ್ತಲೋ ಮೈಮರೆತಿದ್ದಾಗ ಸೆರೆಹಿಡಿದರು. ವಿನ್ಯಾಸಕಾರ ರೀಡ್ ಮೈಲ್ಸ್ ಆ ಚಿತ್ರಗಳನ್ನು ನಿರ್ದಾಕ್ಷಿಣ್ಯವಾಗಿ ಕ್ರಾಪ್ ಮಾಡಿ, ಅಂದರೆ ಬೇಡದ ಅಂಚುಗಳನ್ನು ಕತ್ತರಿಸಿ, ಹಲವು ಬಾರಿ ಒಂದೇ ಬಣ್ಣದ ಛಾಯೆ ಕೊಟ್ಟು, ಅಕ್ಷರಗಳಿಗೆ ಧಾರಾಳವಾಗಿ ಜಾಗ ಉಳಿಸಿದರು. 1957ರಲ್ಲಿ ಧ್ವನಿಮುದ್ರಣಗೊಂಡ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಆಲ್ಬಮ್‌ನ ನೀಲಿ ಹೊದಿಕೆಯಲ್ಲಿ ಕಲಾವಿದರು ತುಟಿಯ ಬಳಿ ಬೆರಳಿಟ್ಟು ಯೋಚನೆಯಲ್ಲಿ ಮುಳುಗಿದ್ದಾರೆ; ನುಡಿಸುತ್ತಿಲ್ಲವಾದರೂ, ಬಹುಶಃ ಅದರಿಂದಲೇ, ಆ ಚಿತ್ರ ಸಂಗೀತವನ್ನು ಇನ್ನಷ್ಟು ಆಳವಾಗಿ ಸೂಚಿಸುತ್ತದೆ. ವೇದಿಕೆಯ ಝಗಮಗಕ್ಕಿಂತ ತಾಲೀಮಿನ ಕೋಣೆಯನ್ನೇ ಆರಿಸಿಕೊಂಡು, ಪತ್ರಿಕೆಯ ಹೆಸರಿಗೆಂದು ಮುಖದ ಮೇಲ್ಗಡೆ ಖಾಲಿ ಜಾಗ ಬಿಟ್ಟು ಕ್ಯಾಮೆರಾ ಹಿಡಿಯುವ ವಿದ್ಯಾರ್ಥಿಗೆ ಈ ಹೊದಿಕೆಗಳೇ ಪಠ್ಯ.